ಹಳ್ಳ ಬರುವ ಮುಂಚೆ ಒಂದು ಗಂಟು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಅಣ್ಣಂದಿರೇ, ಅಕ್ಕಂದಿರೇ,

ಹೊಲದಲ್ಲಿದ್ದಾಗ ಮಳೆ ಹಿಡಿದರೆ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿ, ಕೊಪ್ಪಿ ಮಾಡಿ ತಲೆಗೆ ಹಾಕಿಕೊಂಡು ಬರುತ್ತೇವೆ. ಇದನ್ನು ಯಾವ ತರಬೇತಿಯಲ್ಲೂ ನಮಗೆ ಕಲಿಸಲಿಲ್ಲ. ಮೈ ನೆನೆಯದಂತೆ ನೋಡಿಕೊಳ್ಳುವ ಈ ಜಾಣತನ ಮನೆಯ ಕಾಗದಪತ್ರದ ಮಾತು ಬಂದಾಗ ಮಾತ್ರ ಎಲ್ಲಿ ಹೋಗುತ್ತದೋ ತಿಳಿಯದು. ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ಅಜ್ಜನ ಕಾಲದ ಖರೀದಿ ಪತ್ರ ಎಲ್ಲ ಕಬ್ಬಿಣದ ಟ್ರಂಕಿನ ತಳದಲ್ಲಿ. ಟ್ರಂಕು ನೆಲದ ಮೇಲೆ. ನೀರು ಮೊದಲು ಬರುವುದೂ ಅಲ್ಲಿಗೇ.

ನಮ್ಮದು ಬರದ ಸೀಮೆ, ನೆರೆಯ ಭಯ ನಮಗೇಕೆ ಎನ್ನುವವರು 2009ನ್ನು ನೆನಪಿಸಿಕೊಳ್ಳಬೇಕು. ಸೆಪ್ಟೆಂಬರ್ ಕೊನೆ, ಹಸ್ತ ಮಳೆಯ ದಿನಗಳು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದವು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ದಾಟಿತು, ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಯ ಜನರಿಗೆ ದಾರಿಯೇ ಇಲ್ಲವಾಯಿತು. ಮಸ್ಕಿ ಹಳ್ಳವಂತೂ ಬೇಸಿಗೆಯಲ್ಲಿ ದಾಟಿದರೆ ಕಾಲು ಒದ್ದೆಯಾಗದ ಹಳ್ಳ. ಮೇಲೆ ಮಳೆಯಾದರೆ ಅದು ಬರುವ ರಭಸ ಊರಿನವರಿಗೆ ಗೊತ್ತು. ಅದೇ ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಅಕ್ಷರ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದು, 1915ರಲ್ಲಿ ಸಿಕ್ಕಾಗಲೂ ಬಹುಮಟ್ಟಿಗೆ ಓದುವಂತಿತ್ತು. ನಮ್ಮ ಕಾಗದಗಳಿಗೆ ಆ ಭಾಗ್ಯವಿಲ್ಲ. ಒಂದು ರಾತ್ರಿ ನೀರಲ್ಲಿದ್ದರೆ ಹಿಟ್ಟಾಗುತ್ತವೆ. ಪಹಣಿಯನ್ನು ಮತ್ತೆ ತೆಗೆಸಬಹುದು, ಆಧಾರನ್ನೂ ತೆಗೆಸಬಹುದು. ಅಂಕಪಟ್ಟಿಗೆ, ಹಳೇ ಪತ್ರಕ್ಕೆ ಕಚೇರಿ ಅಲೆದವರನ್ನು ಕೇಳಿ ನೋಡಿ.

ಅದಕ್ಕೇ ನನ್ನ ಬೇಡಿಕೆ. ಮನೆಯಲ್ಲಿ ಈಗಾಗಲೇ ಬಿದ್ದಿರುವ ದಪ್ಪ ಕವರ್‌ಗಳಲ್ಲಿ ಎರಡು ಮೂರನ್ನು ಎತ್ತಿಡಿ. ಸೀರೆ ಅಂಗಡಿಯ ಕವರ್, ಹಿಟ್ಟಿನ ಚೀಲ, ಒಣಹಣ್ಣು ಬಂದ ಜಿಪ್ ಚೀಲ ಯಾವುದಾದರೂ ಸರಿ. ನೀರು ತುಂಬಿ ಎತ್ತಿ ಹಿಡಿಯಿರಿ. ಹನಿ ಜಿನುಗದಿದ್ದರೆ ಒರೆಸಿ ಒಣಗಿಸಿ.

ಇನ್ನು ಕಟ್ಟುವ ಬಗೆ. ನಾನು ಮೊದಲ ಸಲ ಒಂದು ಪತ್ರಿಕೆಯ ಹಾಳೆಯನ್ನು ಕವರಿಗೆ ಹಾಕಿ, ಎಲ್ಲರಂತೆ ಒಂದು ಗಂಟು ಬಿಗಿದು, ಬಕೆಟ್ ನೀರಲ್ಲಿ ಕಲ್ಲು ಹೇರಿ ಮುಳುಗಿಸಿದೆ. ಅರ್ಧ ಗಂಟೆಗೆ ತೆಗೆದರೆ ಹಾಳೆಯ ಒಂದು ಅಂಚು ತೊಯ್ದಿತ್ತು. ಕವರಿಗೆ ತೂತು ಬಿದ್ದಿರಲಿಲ್ಲ, ನೀರು ಗಂಟಿನ ಸಂದಿಯಿಂದಲೇ ಇಳಿದಿತ್ತು. ಎರಡನೇ ಸಲ ಗಾಳಿಯನ್ನೆಲ್ಲ ಒತ್ತಿ ತೆಗೆದು, ಕವರಿನ ಬಾಯನ್ನು ಹಗ್ಗದ ಹಾಗೆ ಹುರಿ ಮಾಡಿ, ಆ ಹುರಿಯನ್ನು ಹಿಂದಕ್ಕೆ ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿದೆ. ಅದನ್ನು ತಲೆಕೆಳಗು ಮಾಡಿ ಇನ್ನೊಂದು ಕವರಿನೊಳಗಿಟ್ಟು ಅದನ್ನೂ ಹಾಗೆಯೇ ಕಟ್ಟಿದೆ. ಈ ಸಲ ಹಾಳೆ ಗರಿಗರಿಯಾಗಿಯೇ ಹೊರಬಂತು.

ಒಂದು ಗಂಟಿನಲ್ಲಿ ಕಾಗದ. ಇನ್ನೊಂದರಲ್ಲಿ ಹಿರಿಯರ ಬಿ.ಪಿ., ಶುಗರ್ ಮಾತ್ರೆ, ಬೆಂಕಿಪೊಟ್ಟಣ, ಟಾರ್ಚ್, ಒಂದು ಜೊತೆ ಒಣ ಬಟ್ಟೆ. ಬುತ್ತಿಗೆ ಬೇರೆ ಗಂಟು: ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನಮ್ಮ ರೊಟ್ಟಿ ಥಂಡಿ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ, ಇಷ್ಟು ಒಳ್ಳೆಯ ಆಪತ್ತಿನ ಬುತ್ತಿ ಯಾವ ಅಂಗಡಿಯಲ್ಲೂ ಸಿಗದು. ಮೊಬೈಲನ್ನು ತೆಳು ಪಾರದರ್ಶಕ ಕವರಿನಲ್ಲಿಟ್ಟರೆ ತೆಗೆಯದೆಯೇ 112 ಒತ್ತಬಹುದು. ಗಂಟುಗಳನ್ನು ಟ್ರಂಕಿನಲ್ಲಿಡದೆ ಗೂಟಕ್ಕೆ, ಕೈಗೆಟಕುವ ಎತ್ತರದಲ್ಲಿ ನೇತುಹಾಕಿ.

ಗೊಬ್ಬರದ, ಬೆಳೆಗೆ ಹೊಡೆಯುವ ಔಷಧದ ಚೀಲ ಎಷ್ಟು ತೊಳೆದರೂ ಅನ್ನ ನೀರಿಗೆ ಬೇಡ. ಕರಿ ಕವರೂ ಬೇಡ. ಎಳೆಯ ಮಕ್ಕಳ ಕೈಗೆ ಕವರ್ ಸಿಗಬಾರದು, ಮುಖಕ್ಕೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಗಾಳಿ ತುಂಬಿದ ಕವರ್ ತೇಲುತ್ತದೆಂದು ಅದನ್ನು ನಂಬಿ ಯಾರೂ ಹಳ್ಳಕ್ಕೆ ಇಳಿಯಬೇಡಿ. ಗಂಟು ಇರುವುದು ಬೇಗ ಹೊರಟು ಎತ್ತರದ ಜಾಗ ಸೇರುವುದಕ್ಕೆ.

ಹಾಗಂತ ಇದಕ್ಕಾಗಿ ಹೊಸ ಕವರ್ ಕೊಳ್ಳಲು ಹೋಗಬೇಡಿ. ನಮ್ಮ ರಾಜ್ಯ 2016ರಲ್ಲೇ ಕ್ಯಾರಿ ಬ್ಯಾಗ್ ನಿಷೇಧಿಸಿದೆ. ನಿಷೇಧ ಸರಿಯೇ. ಚರಂಡಿಗೆ ಸಿಕ್ಕಿಕೊಂಡು ಓಣಿಯ ನೀರನ್ನು ಮನೆಯೊಳಗೆ ತಿರುಗಿಸುವುದು, ದನದ ಹೊಟ್ಟೆ ಸೇರುವುದು ಇದೇ ಕವರ್. ನಾನು ಕೇಳುತ್ತಿರುವುದು, ತಿಪ್ಪೆಗೆ ಹೋಗಲಿದ್ದದ್ದನ್ನು ತಡೆದು ನಿಲ್ಲಿಸಿ ಎಂದಷ್ಟೇ. ಬಿಸಿಲು ತಾಗಿದ ಪ್ಲಾಸ್ಟಿಕ್ ವರ್ಷಕ್ಕೆ ಪುಡಿಪುಡಿಯಾಗುತ್ತದೆ, ಆದ್ದರಿಂದ ಪ್ರತಿವರ್ಷ ಬಿಚ್ಚಿ ನೋಡಿ, ಮಾತ್ರೆಯ ಅವಧಿಯನ್ನೂ ನೋಡಿ.

ದಿನ ಬೇಕೆಂದರೆ ಕಾರಹುಣ್ಣಿಮೆ ಇದೆ. ಅಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿದು ಮನೆಗೆ ಬಂದ ಮೇಲೆ ಟ್ರಂಕಿನ ಮುಚ್ಚಳ ತೆರೆಯಿರಿ. ಪಕ್ಕದಲ್ಲಿ ಒಂಟಿ ಮುದುಕಿ ಇದ್ದರೆ ಅವರ ಕಾಗದವನ್ನೂ ನೀವೇ ಕಟ್ಟಿಕೊಡಿ.