ಐದು ಗುಂಡುಗಳ ಸಾಕ್ಷ್ಯ ಸಾಲದು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಗುರಿಯ ರೈಫಲ್ ಸ್ಪರ್ಧೆಗಳಲ್ಲಿ ಭಾಗವಹಿಸುವವನು. ಅಲ್ಲಿನ ಅನೇಕ ಸ್ಪರ್ಧಿಗಳು ಕಾರ್ಖಾನೆಯ ತೋಟಾಗಳನ್ನು ಕೊಳ್ಳದೆ, ಒಮ್ಮೆ ಬಳಸಿದ ಹಿತ್ತಾಳೆಯ ಕೋಶಗಳಿಗೆ ಪ್ರೈಮರ್, ಮದ್ದು, ಗುಂಡುಗಳನ್ನು ತಾವೇ ಜೋಡಿಸಿಕೊಳ್ಳುತ್ತಾರೆ. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧವೆಂಬುದನ್ನು ಕಿರಿಯರು ಮರೆಯಬಾರದು.) "ಸಾರ್, ಎಲ್ಲದಕ್ಕೂ ಒಂದೇ ತೂಕದ ಮದ್ದು ಹಾಕಿದರೂ ವೇಗ ಏರುಪೇರಾಗುತ್ತಿದೆ; ಮದ್ದನ್ನೇ ಬದಲಿಸಲೇ?" ಎಂದು ಕೇಳಿದ್ದಾನೆ. ನಾನು ಬಂದೂಕು ಹಿಡಿದವನಲ್ಲ. ಆದರೆ ಪ್ರಶ್ನೆಯ ಮೂಲದಲ್ಲಿರುವುದು ಗಣಿತ ಮತ್ತು ಭೌತಶಾಸ್ತ್ರ. ಆದ್ದರಿಂದ ನನ್ನ ಅಭಿಪ್ರಾಯವನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಏರುಪೇರು ಏಕೆ ಮುಖ್ಯ? ಸಾಮಾನ್ಯ .308 ತೋಟಾದಲ್ಲಿ ಸೆಕೆಂಡಿಗೆ 10 ಅಡಿ ವೇಗ ವ್ಯತ್ಯಾಸವಾದರೆ, 1000 ಗಜಗಳಾಚೆ ಗುಂಡು ಸುಮಾರು 3 ಅಂಗುಲ ಮೇಲೆ ಅಥವಾ ಕೆಳಗೆ ಬೀಳುತ್ತದೆ. ಅಲ್ಲಿನ ಎಫ್-ಕ್ಲಾಸ್ ಸ್ಪರ್ಧೆಯಲ್ಲಿ ಆ ದೂರಕ್ಕೆ ಹತ್ತು ಅಂಕದ ವೃತ್ತದ ವ್ಯಾಸ 10 ಅಂಗುಲ. ವೇಗಗಳು 40 ಅಡಿಗಳಷ್ಟು ಹರಡಿದರೆ, ಕೈ ಎಷ್ಟೇ ಸ್ಥಿರವಾಗಿರಲಿ, ಕೆಲವು ಗುಂಡುಗಳು ವೃತ್ತದ ಹೊರಗೇ.

ಆದರೂ ಮದ್ದನ್ನು ದೂರುವ ಮೊದಲು ಸಾಕ್ಷ್ಯವನ್ನು ವಿಚಾರಿಸಬೇಕೆಂಬುದು ನನ್ನ ನಿಲುವು. ಅವನು ಅಳೆದದ್ದು ಐದು ಗುಂಡುಗಳನ್ನು. ಬಂದ ಮಾನಕ ವಿಚಲನೆ 10 ಅಡಿ ಎಂದಿಟ್ಟುಕೊಳ್ಳೋಣ. ಸಂಖ್ಯಾಶಾಸ್ತ್ರದ ಪ್ರಕಾರ, ಶೇಕಡ 95ರ ಭರವಸೆಯಲ್ಲಿ, ನಿಜವಾದ ವಿಚಲನೆ 6ರಿಂದ 29ರವರೆಗೆ ಎಲ್ಲಿಯಾದರೂ ಇರಬಹುದು! ಮೂವತ್ತು ಗುಂಡುಗಳಿಂದ ಅದೇ ಉತ್ತರ ಬಂದರೆ ವ್ಯಾಪ್ತಿ ಸುಮಾರು 8ರಿಂದ 13ಕ್ಕೆ ಇಳಿಯುತ್ತದೆ. ಸಣ್ಣ ಮಾದರಿಗಳ ಈ ಅಪಾಯವನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ವಿವರಿಸಿದವರು ಡಬ್ಲಿನ್ನಿನ ಗಿನ್ನೆಸ್ ಮದ್ಯ ಕಾರ್ಖಾನೆಯ ನೌಕರ ವಿಲಿಯಂ ಗಾಸೆಟ್. ಇಂದು ಐದು ಗುಂಡುಗಳಲ್ಲಿ 'ಕೆಟ್ಟ'ದೆನಿಸಿದ ಮದ್ದು ನಾಳೆಯ ಐದರಲ್ಲಿ 'ಒಳ್ಳೆಯ'ದಾಗಬಹುದು. ಮದ್ದು ಮಾತ್ರ ಅದೇ.

ಎರಡನೆಯದು, ಅಳೆಯುವ ಉಪಕರಣ. ಬೆಳಕಿನ ಸಂವೇದಕಗಳಿರುವ ಕ್ರೋನೋಗ್ರಾಫ್‌ಗಳು ಮೋಡ, ಬಿಸಿಲು, ನೆರಳುಗಳಿಗೆ ಮೋಸಹೋಗುತ್ತವೆ. ಓಹ್ಲರ್ 35ಪಿ ಎಂಬ ಉಪಕರಣದಲ್ಲಿ ಮೂರನೆಯ ಸಂವೇದಕವನ್ನಿಟ್ಟದ್ದು ಇದಕ್ಕಾಗಿಯೇ: ಪ್ರತಿ ಗುಂಡಿಗೂ ಎರಡು ಅಳತೆಗಳು, ಒಂದು ಇನ್ನೊಂದಕ್ಕೆ ಸಾಕ್ಷಿ. ಗುಂಡಿನ ವೇಗವನ್ನು ಲೋಲಕದಿಂದ ಅಳೆದು 1742ರಲ್ಲಿ ಗ್ರಂಥ ಬರೆದ ಬೆಂಜಮಿನ್ ರಾಬಿನ್ಸ್ ಆ ಅಳತೆಯಿಂದಲೇ ಹಳೆಯ ಊಹೆಗಳನ್ನು ಅಲುಗಾಡಿಸಿದ. ಆಯ್ಲರನಂಥ ಗಣಿತಜ್ಞ ಆ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ 1751ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ನೆರೆಯ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ.

ಅಳತೆ ಸರಿಯೆಂದಾದ ಮೇಲೆ ಕಾರಣಗಳ ಸರದಿ. ತಕ್ಕಡಿಯ ಸೊನ್ನೆ ಮಧ್ಯದಲ್ಲಿ ಸರಿದಿದೆಯೇ? ಬೇರೆ ಬೇರೆ ತಯಾರಿಕೆಯ ಕೋಶಗಳು ಬೆರೆತಿವೆಯೇ? ಅವುಗಳ ಒಳಗಿನ ಅವಕಾಶ ಬೇರೆಯಾದರೆ ಒತ್ತಡವೂ ಬೇರೆ. ಮತ್ತೆ ಮತ್ತೆ ಬಳಸಿದ ಹಿತ್ತಾಳೆ ಗಡಸಾಗಿ, ಕತ್ತು ಗುಂಡನ್ನು ಹಿಡಿಯುವ ಬಿಗಿ ಬದಲಾಗಿದೆಯೇ? ಪ್ರೈಮರ್‌ಗಳೆಲ್ಲ ತಳಕ್ಕೆ ಸಮನಾಗಿ ಕುಳಿತಿವೆಯೇ? ಕೋಶ ತುಂಬದಿದ್ದರೆ ಮದ್ದು ಹಿಂದಕ್ಕೋ ಮುಂದಕ್ಕೋ ಸರಿದು ಉರಿಯುವ ರೀತಿ ಬದಲಾಗುತ್ತದೆ. ಕಾದ ನಳಿಕೆಯಲ್ಲಿ ಕಾಯುತ್ತ ಉಳಿದ ತೋಟಾದ ಮದ್ದೂ ಬಿಸಿಯಾಗುತ್ತದೆ.

ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಳೆಯದು, ಹೊಸದು ಎರಡರಲ್ಲೂ ಇಪ್ಪತ್ತಿಪ್ಪತ್ತು ತೋಟಾಗಳನ್ನು ಮಾಡಿ, ಒಂದು ಇದು, ಒಂದು ಅದು ಎಂದು ಸರದಿಯಲ್ಲಿ ಹಾರಿಸಿದರೆ ನಳಿಕೆಯ ಶಾಖವೂ ಮಸಿಯೂ ಎರಡಕ್ಕೂ ಸಮನಾಗಿ ಹಂಚಿಹೋಗುತ್ತವೆ. ಮೂರನ್ನು ಒಟ್ಟಿಗೆ ಬದಲಿಸಿ ಗುಣ ಕಂಡವನಿಗೆ ಯಾವುದು ಗುಣ ಮಾಡಿತೆಂದು ಎಂದಿಗೂ ತಿಳಿಯದು.

ಒಂದು ಎಚ್ಚರಿಕೆ. ಏರುಪೇರನ್ನು ಅಡಗಿಸಲೆಂದು ಪ್ರಕಟಿತ ಮಿತಿಯನ್ನು ಮೀರಿ ಮದ್ದು ಹೆಚ್ಚಿಸುವ ಮಾತು ಬೇಡ. ಅದು ಸ್ಪರ್ಧೆಯ ಅಂಕದ ಪ್ರಶ್ನೆಯಲ್ಲ. ಕಣ್ಣು, ಕೈಗಳ ಪ್ರಶ್ನೆ. ಕಾರಣವಿಲ್ಲದೆ ಒತ್ತಡ ಹೆಚ್ಚಿದ ಲಕ್ಷಣ ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಲಿ.

ಶಾಲೆಗಳಲ್ಲಿಯೂ ಒಂದು ಕಿರುಪರೀಕ್ಷೆಯ ಐದು ಪ್ರಶ್ನೆಗಳಿಂದ ಮಗುವನ್ನು 'ದಡ್ಡ'ನೆಂದು ತೀರ್ಮಾನಿಸುವವರಿದ್ದಾರೆ. ಅವರೂ ಐದು ಗುಂಡುಗಳ ಲೆಕ್ಕದವರೇ. ಮದ್ದಿನ ಡಬ್ಬಿಯನ್ನು ಎಸೆದರೆ ಹಣ ಮಾತ್ರ ನಷ್ಟ. ಮಗುವಿನ ವಿಷಯದಲ್ಲಿ ಆಗುವ ನಷ್ಟವನ್ನು ಅಳೆಯುವ ಉಪಕರಣ ಇನ್ನೂ ಬಂದಿಲ್ಲ. ಶಿಷ್ಯರಲ್ಲಿ ಈಗ ಅನೇಕರು ತಂದೆತಾಯಂದಿರು, ಕೆಲವರು ಉಪಾಧ್ಯಾಯರು. ತೀರ್ಪು ಕೊಡುವ ಮೊದಲು ಇನ್ನೂ ಇಪ್ಪತ್ತೈದು ಸಲ ಅಳೆಯಿರಿ.