ಪೆಟ್ ಸ್ಕ್ಯಾನ್ ಮಾಡಿಸಲೇಬೇಕೆ?

ಸಹಕಾರನಗರದ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗಿಗೆ ಬರುವವರಿಗೆಲ್ಲ ವೈದ್ಯಶಾಸ್ತ್ರ ಗೊತ್ತು. ನಮ್ಮ ಯಜಮಾನರ ಎಡಗಡೆ ಕಿಡ್ನಿಯನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದ ಮೇಲೆ ಎಲ್ಲರದೂ ಒಂದೇ ಸಲಹೆ: "ಸಿಟಿ ಗಿಟಿ ಬಿಡಿ ಮೇಡಂ, ಪೆಟ್ ಮಾಡಿಸಿ. ತಲೆಯಿಂದ ಕಾಲಿನವರೆಗೂ ಗೊತ್ತಾಗುತ್ತೆ."

ಎಲ್ಲವೂ ಗೊತ್ತಾಗುವುದಿಲ್ಲ. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು, ಕಾರಣ ಹೇಳದಿದ್ದರೆ ಸಮಾಧಾನವಿಲ್ಲ. ಪೆಟ್-ಸಿಟಿ ಯಂತ್ರದಲ್ಲಿ ಸಿಟಿ ಅಂಗಗಳ ಆಕಾರ ತೋರಿಸುತ್ತದೆ. ಯಾವ ಜೀವಕೋಶಗಳು ಸಕ್ಕರೆ ಹೆಚ್ಚು ಎಳೆದುಕೊಳ್ಳುತ್ತಿವೆ ಎಂಬುದನ್ನು ಪೆಟ್ ತೋರಿಸುತ್ತದೆ. ಅದಕ್ಕಾಗಿ ಚುಚ್ಚುವುದು ಫ್ಲೋರಿನ್-18 ಸೇರಿಸಿದ ಗ್ಲೂಕೋಸ್, ಎಫ್‌ಡಿಜಿ. ಸುಮಾರು 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಲಿಂಫೋಮಾದಂಥ ಕ್ಯಾನ್ಸರಿನಲ್ಲಿ ಇದು ಬಲು ಉಪಯುಕ್ತ. ಕಿಡ್ನಿಯ ಕಥೆ ಬೇರೆ. ಮಾಮೂಲಿ ಗ್ಲೂಕೋಸನ್ನು ಅದು ರಕ್ತಕ್ಕೆ ಹಿಂತಿರುಗಿಸುತ್ತದೆ, ಎಫ್‌ಡಿಜಿಯನ್ನು ಮೂತ್ರಕ್ಕೆ ಬಿಡುತ್ತದೆ. ಹೀಗಾಗಿ ಉಳಿದ ಕಿಡ್ನಿ, ಮೂತ್ರಕೋಶ ರೋಗವಿಲ್ಲದೆಯೂ ಹೊಳೆಯುತ್ತವೆ. ಆ ಬೆಳಕಿನಲ್ಲಿ ಸಣ್ಣ ಗಡ್ಡೆ ಮರೆಯಾಗಬಹುದು. ಸಾಲದ್ದಕ್ಕೆ, ಹೆಚ್ಚಾಗಿ ಕಾಣುವ 'ಕ್ಲಿಯರ್ ಸೆಲ್' ಬಗೆಯ ಎಷ್ಟೋ ಗಡ್ಡೆಗಳು ಸಕ್ಕರೆಯನ್ನು ಅಷ್ಟಾಗಿ ಮುಟ್ಟುವುದೇ ಇಲ್ಲ. ಈ ಕಾಯಿಲೆ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ. ಅಲ್ಲಿನ ಕೆಲವೇ ಮಿಲಿಮೀಟರಿನ ಚುಕ್ಕೆಗೆ ಸಿಟಿಯ ಕಣ್ಣೇ ಚುರುಕು. ಮಿದುಳಂತೂ ಸದಾ ಗ್ಲೂಕೋಸ್ ಉಣ್ಣುವ ಅಂಗ, ಅನುಮಾನವಿದ್ದರೆ ಅಲ್ಲಿಗೆ ಎಂಆರ್‌ಐ.

ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಚಿಕಿತ್ಸೆಯ ನಂತರದ ಮಾಮೂಲಿ ತಪಾಸಣೆಗೆ ಪೆಟ್ ಬಳಸಬೇಡಿ ಎನ್ನುತ್ತದೆ. ಆದರೆ ನಮಗೆ ಒಂದು ಸ್ಕ್ಯಾನ್ ಕೇಂದ್ರದಿಂದ ಪೆಟ್‌ಗೆ ಹಬ್ಬದ ಆಫರ್ ಬಂತು! ಕ್ಯಾನ್ಸರ್ ತಪಾಸಣೆಗೂ ಸೀರೆಗೆ ಕೊಡುವಂಥ ರಿಯಾಯಿತಿ.

ಹಾಗೆಂದು ಪೆಟ್ ಬೇಡವೇ ಬೇಡ ಎನ್ನುತ್ತಿಲ್ಲ. ಸಿಟಿಯಲ್ಲಿ ಕಂಡದ್ದು ಹಳೆಯ ಗಾಯದ ಕಲೆಯೋ ಮರಳಿದ ರೋಗವೋ ತಿಳಿಯದಾದಾಗ, ಮೂಳೆ ನೋವು ಶುರುವಾದಾಗ, ಒಂಟಿ ಕಿಡ್ನಿಯವರ ಕ್ರಿಯಾಟಿನಿನ್ ಏರಿ ಸಿಟಿಗೆ ಚುಚ್ಚುವ ಕಾಂಟ್ರಾಸ್ಟ್ ದ್ರವ ಕೊಡಲು ವೈದ್ಯರು ಹಿಂಜರಿದಾಗ, ಅದರಿಂದ ಸಹಾಯವಾಗಬಹುದು. ವೈದ್ಯರೇ ಬರೆದರೆ ನಾನು ಚಕಾರ ಎತ್ತದೆ ಮಾಡಿಸುತ್ತೇನೆ. ಯಾವ ಅನುಮಾನ ಬಗೆಹರಿಸಲು ಈ ಸ್ಕ್ಯಾನ್ ಎಂದು ಚೀಟಿಯಲ್ಲಿ ಒಂದು ಸಾಲು ಇರಲಿ, ಅಷ್ಟೇ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ಹಿಡಿದು ಬಳ್ಳಾರಿ ರಸ್ತೆಯ ಖಾಸಗಿ ಆಸ್ಪತ್ರೆಗಳವರೆಗೆ ಎಲ್ಲೆಡೆ, ಮುಂದಿನ ತಪಾಸಣೆ ಯಾವಾಗ, ಏನು ಮಾಡಿಸಬೇಕು, ಎಷ್ಟು ವರ್ಷ ಎಂಬುದನ್ನು ಡಿಸ್ಚಾರ್ಜ್ ಹೊತ್ತಿಗೇ ಕನ್ನಡದಲ್ಲಿ ಬರೆದು ಕೊಡಬೇಕು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬರುವವರಿಗೆ ಈ ಹಾಳೆ ಇನ್ನೂ ಮುಖ್ಯ. ಕಿಡ್ನಿ ಕ್ಯಾನ್ಸರ್ 10 ವರ್ಷದ ಮೇಲೂ ಮರಳುವುದುಂಟು. ಮೊದಲ ವರ್ಷವೇ ದುಬಾರಿ ಪೆಟ್‌ಗೆ ಹಣ ಸುರಿದು, ಆಮೇಲೆ ಕೈ ಖಾಲಿಯಾಗಿ ಸಿಟಿ ತಪಾಸಣೆಗೂ ಹೋಗದವರು ನಮ್ಮ ಬಡಾವಣೆಯಲ್ಲೇ ಇದ್ದಾರೆ.