ಮೆನುವಿನಲ್ಲಿ ಬರಬೇಕಾದ ಕನ್ನಡ ಯಾವುದು?



2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಉಚಿತ ಬೆಂಬಲ ನಿಲ್ಲಿಸಿತು. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಪ್ರೆಸ್ಸು, ಸೊಸೈಟಿ, ತೋಟದ ಆಫೀಸುಗಳಲ್ಲಿ ಧೂಳು ಕುಡಿಯುತ್ತಾ ದುಡಿಯುತ್ತಿರುವ ಹಳೆಯ ಕಂಪ್ಯೂಟರುಗಳಲ್ಲಿ ಎಷ್ಟೋ ವಿಂಡೋಸ್ 11ನ್ನು ಹೊರಲಾರವು. ಗುಜರಿಗೆ ಹಾಕಬೇಕೆ? ಬೇಡ, ಲಿನಕ್ಸ್ ಹಾಕಿಸಿ. ಕಾಸು ಕೊಡಬೇಕಿಲ್ಲ, ಕದ್ದ ಸಿ.ಡಿ.ಗಾಗಿ ಯಾರ ಕಾಲನ್ನೂ ಹಿಡಿಯಬೇಕಿಲ್ಲ.

ಹಾಕಿಸಿದ ಮೇಲೆ ಏನಾಗುತ್ತದೆ ನೋಡಿ. ತೋಟದ ರೈಟರು ಮೆನು ತೆರೆಯುತ್ತಾರೆ. ಗಿಂಪ್, ಇಂಕ್‌ಸ್ಕೇಪ್, ಒಕ್ಯುಲರ್, ಥಂಡರ್‌ಬರ್ಡ್ ಎಂಬ ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ಶನಿವಾರದ ಬಟವಾಡೆಗೆ ಮಸ್ಟರ್ ಲೆಕ್ಕ ಹಾಕುವುದು ಇದರಲ್ಲಿ ಯಾವುದು? ಥಂಡರ್‌ಬರ್ಡ್ ಅಂದರೆ ಗುಡುಗಿನ ಹಕ್ಕಿಯೋ, ಟಪಾಲು ತರುವವನೋ? ಮೂವತ್ತು ವರ್ಷ ಕೂಲಿಯವರ ಹಾಜರಿಯನ್ನು ಒಂದು ತಪ್ಪೂ ಇಲ್ಲದೆ ಬರೆದ ಮನುಷ್ಯ ಇಲ್ಲಿ ಅನಕ್ಷರಸ್ಥನಾಗಿಬಿಡುತ್ತಾನೆ. ಆ ಕುರ್ಚಿಗೆ ನಾಳೆ ಇಂಗ್ಲಿಷ್ ಬಲ್ಲ ಇನ್ನೊಬ್ಬ ಬಂದು ಕೂರುತ್ತಾನೆ. ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಎಂದು ಕೂಗುವವರು ಈ ಕುರ್ಚಿಯನ್ನೂ ಒಮ್ಮೆ ನೋಡಬೇಕು.

ಲಿನಕ್ಸಿನಲ್ಲಿ ಕನ್ನಡವೇ ಇಲ್ಲವೆಂದು ತಿಳಿಯಬೇಡಿ. ಇದೆ. ಸಂಬಳವಿಲ್ಲದೆ ರಾತ್ರಿ ಕೂತು ಸಾವಿರಾರು ಸಾಲು ಅನುವಾದಿಸಿದ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಯಾವ ಸನ್ಮಾನವೂ ಆಗಿಲ್ಲ, ಮೈಸೂರು ಪೇಟವೂ ಸಿಕ್ಕಿಲ್ಲ. ಸೇವ್‌ಗೆ ‘ಉಳಿಸು’, ಪೇಸ್ಟ್‌ಗೆ ‘ಅಂಟಿಸು’ ಎಂದು ಇಟ್ಟವರಿಗೆ ಕೈ ಮುಗಿಯಬೇಕು. ಇಂಗ್ಲಿಷ್ ಬಾರದ ಹೆಂಗಸೂ ಅದನ್ನು ನೋಡಿ ಒತ್ತುತ್ತಾಳೆ.

ಆದರೆ ‘ಅನ್ವಯಗಳು’ ಎಂದರೇನು? ಗ್ನೋಮ್ ಎಂಬ ಪರದೆಯಲ್ಲಿ ಅಪ್ಲಿಕೇಷನ್ಸ್ ಎಂಬುದಕ್ಕೆ ಇಟ್ಟ ಹೆಸರು ಇದು. ತಾಲ್ಲೂಕು ಕಚೇರಿಯ ಪತ್ರದಲ್ಲಿ ‘ಆದೇಶದ ಅನ್ವಯ’ ಎಂದು ಓದಿದವರಿಗೆ ಅನ್ವಯ ಎಂದರೆ ಆದೇಶವೇ ಜ್ಞಾಪಕಕ್ಕೆ ಬರುತ್ತದೆ. ಪ್ರಿಫರೆನ್ಸಸ್ ಎಂಬುದು ‘ಆದ್ಯತೆಗಳು’ ಆಗಿದೆ. ನಮ್ಮಲ್ಲಿ ಆದ್ಯತೆ ಎಂದರೆ ರೇಷನ್ ಕಾರ್ಡು! ಇಂಗ್ಲಿಷ್ ಗೋಡೆ ಒಡೆದು ಸಂಸ್ಕೃತದ ಗೋಡೆ ಕಟ್ಟಿದರೆ ಬಡ ಕನ್ನಡಿಗ ಹೊರಗೇ ನಿಂತ.

ನಾನು ಪ್ರೆಸ್ಸಿನವನು, ಪ್ರೆಸ್ಸಿನ ಮಾತಲ್ಲೇ ಹೇಳುತ್ತೇನೆ. ಹಿಂದೆ ಮೊಳೆ ಜೋಡಿಸುವ ಕಾಲದಲ್ಲಿ ಅಕ್ಷರದ ಕೇಸು ಇರುತ್ತಿತ್ತು. ಪದೇ ಪದೇ ಬೇಕಾಗುವ ಅಕ್ಷರಗಳಿಗೆ ಕೈಗೆ ಹತ್ತಿರದ ಖಾನೆ, ಅಪರೂಪದವಕ್ಕೆ ದೂರದ ಖಾನೆ. ಜೋಡಿಸುವವನು ಕಣ್ಣೆತ್ತಿ ನೋಡುತ್ತಿರಲಿಲ್ಲ, ಕೈಯೇ ಹೋಗುತ್ತಿತ್ತು. ಮೆನು ಎಂದರೆ ಅದೇ ಕೇಸು. ಇಂದಿನ ಮೆನುವಿನಲ್ಲಿ ಅರ್ಧ ಹೆಸರು ಇಂಗ್ಲಿಷ್, ಅರ್ಧ ಕನ್ನಡ. ಅಕಾರಾದಿಯಾಗಿ ಜೋಡಿಸಿದರೆ ಎಷ್ಟೋ ಕಡೆ ಇಂಗ್ಲಿಷಿನವೆಲ್ಲ ಮೊದಲು ನಿಂತು, ಕನ್ನಡದವು ಬಾಲದಲ್ಲಿ ಬರುತ್ತವೆ. ಉದ್ದನೆಯ ಪದವಾದರೆ ಕೊನೆಗೆ ಮೂರು ಚುಕ್ಕಿ ಹಾಕಿ ಕತ್ತರಿಸಿಬಿಡುತ್ತಾರೆ. ಕನ್ನಡ ಪದ ಇಂಗ್ಲಿಷಿಗಿಂತ ಅಗಲ, ಒತ್ತಕ್ಷರಕ್ಕೆ ಕೆಳಗೂ ಜಾಗ ಬೇಕು ಎಂಬುದು ಅಳತೆ ಮಾಡಿದವರಿಗೆ ಗೊತ್ತಿರಲಿಲ್ಲ. ಪ್ರೂಫು ನೋಡುವ ಹುಡುಗನಾದರೂ ಹೇಳುತ್ತಿದ್ದ.

ಇದನ್ನು ಸರಿಪಡಿಸಲು ಎಂಜಿನಿಯರೇ ಆಗಬೇಕಿಲ್ಲ. ಮೆನುವಿನಲ್ಲಿ ಕಾಣುವ ಪ್ರತಿ ತಂತ್ರಾಂಶದ ಹಿಂದೆ ಒಂದು ಪುಟ್ಟ ಕಡತವಿದೆ, ಅದರ ಹೆಸರು ‘ಡಾಟ್ ಡೆಸ್ಕ್‌ಟಾಪ್’ ಎಂದು ಮುಗಿಯುತ್ತದೆ. ಅದರೊಳಗೆ ನೇಮ್, ಜೆನೆರಿಕ್ ನೇಮ್, ಕಾಮೆಂಟ್, ಕೀವರ್ಡ್ಸ್ ಎಂಬ ಸಾಲುಗಳು. ಇವುಗಳ ಪಕ್ಕ ಚೌಕ ಆವರಣದಲ್ಲಿ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರೆದರೆ, ಕನ್ನಡ ಆರಿಸಿಕೊಂಡವರಿಗೆ ಆ ಕನ್ನಡವೇ ಕಾಣುತ್ತದೆ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಲ್ಲಕ್ಕೂ ಇದೇ ನಿಯಮ. ಮೂಲ ಕಡತ ಮುಟ್ಟದೆ ಒಂದು ಪ್ರತಿ ನಿಮ್ಮ ಖಾತೆಗೆ ಮಾಡಿಕೊಂಡು ತಿದ್ದಿ. ಕೆಡಿಇಯ ಮೆನುವಿನಲ್ಲಿ ಇನ್ನೊಂದು ಅನುಕೂಲವಿದೆ: ಹೆಸರಿನ ಬದಲು ಕೆಲಸದ ವಿವರಣೆ ಮುಂದೆ ಬರುವಂತೆ ಇಟ್ಟುಕೊಳ್ಳಬಹುದು. ಒಕ್ಯುಲರ್ ಹಿಂದೆ ಸರಿದು ‘ಕಾಗದಪತ್ರ ಓದು’ ಮುಂದೆ ಬರಲಿ.

ಕೀವರ್ಡ್ಸ್ ಸಾಲನ್ನು ಯಾರೂ ಮರೆಯಬಾರದು. ಜನ ಈಗ ಮೆನು ಜಾಲಾಡುವುದಿಲ್ಲ, ಹುಡುಕುವ ಜಾಗದಲ್ಲಿ ಟೈಪ್ ಮಾಡುತ್ತಾರೆ. ‘ಗಣಕ’ ಎಂದು ಮಾತ್ರ ಬರೆದಿಟ್ಟರೆ ‘ಕ್ಯಾಲ್ಕುಲೇಟರ್’ ಎಂದು ಕನ್ನಡದಲ್ಲಿ ಹುಡುಕಿದವನಿಗೆ ಏನು ಸಿಕ್ಕೀತು? ಲೆಕ್ಕ, ಕೂಡು, ಕಳೆ, ಕ್ಯಾಲ್ಕುಲೇಟರ್ ಎಲ್ಲವನ್ನೂ ಆ ಸಾಲಿನಲ್ಲಿ ತುಂಬಬೇಕು. ಬಾಯಿಗೆ ಬರುವ ಮಾತು ಬೇರೆ, ನಿಘಂಟಿನ ಮಾತು ಬೇರೆ. ಎರಡಕ್ಕೂ ಬಾಗಿಲು ತೆರೆಯಲಿ.

ನೆರೆಯ ಕೇರಳ ಸರ್ಕಾರ ತನ್ನ ಶಾಲೆಗಳಿಗೆ ಲಿನಕ್ಸ್ ತಂದು ಎಷ್ಟೋ ವರ್ಷಗಳಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಕಂಪ್ಯೂಟರ್ ಪಾಠವನ್ನು ಕನ್ನಡದ ಪುಸ್ತಕದಲ್ಲೇ ಓದುತ್ತಾರೆ. ಗಡಿಯಾಚೆ ಸಾಧ್ಯವಾಗಿದ್ದು ಕನ್ನಡದ ಹೆಸರಲ್ಲಿ ಹುಟ್ಟಿದ ಈ ರಾಜ್ಯಕ್ಕೆ ಕಷ್ಟವೇ? ಇದೇ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕಂಪ್ಯೂಟರಿನ ಕನ್ನಡಕ್ಕಾಗಿ ತಲೆ ಕೆಡಿಸಿಕೊಂಡಿದ್ದರು. ಅವರ ಫೋಟೋಗೆ ಹಾರ ಹಾಕುವ ನಮ್ಮವರ ಮೊಬೈಲು ತೆರೆದು ನೋಡಿ, ಮೆನು ಇಂಗ್ಲಿಷಿನಲ್ಲೇ ಇರುತ್ತದೆ.

ನಾಮಫಲಕದಲ್ಲಿ ಶೇ. 60 ಕನ್ನಡ ಬೇಕೆಂದು 2024ರಲ್ಲಿ ಕಾನೂನು ಬಂತು. ಅದಕ್ಕಾಗಿ ಬೀದಿಗಿಳಿದು ಲಾಠಿ ತಿಂದವರಿದ್ದಾರೆ. ದಿನವಿಡೀ ನೋಡುವ ಪರದೆಯೂ ಬೋರ್ಡೇ ಅಲ್ಲವೇ? ಇದಕ್ಕೆ ಲಾಠಿ ಏಟು ಬೇಡ, ಎರಡು ಕ್ಲಿಕ್ ಸಾಕು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ತೋಟದ ರೈಟರು, ಸೊಸೈಟಿ ಗುಮಾಸ್ತೆ, ಅಂಗನವಾಡಿ ಟೀಚರಮ್ಮ, ಇವರ ಎದುರು ಕನ್ನಡ ಮೆನು ತೆರೆದಿಟ್ಟು ಸುಮ್ಮನೆ ಕೂರಿ. ಎಲ್ಲಿ ತಡವರಿಸುತ್ತಾರೆ, ಆ ಕೆಲಸಕ್ಕೆ ಅವರೇ ಏನು ಹೆಸರು ಕೂಗುತ್ತಾರೆ, ಬರೆದುಕೊಳ್ಳಿ. ಆ ಪಟ್ಟಿಯನ್ನು ಪತ್ರಿಕೆ ತಂದುಕೊಡುವ ನಮ್ಮ ಕಾರ್ಯಕರ್ತರ ಕೈಗೆ ಕೊಡಿ. ಅನುವಾದದ ತಂಡಗಳಿಗೆ ತಲುಪಿಸುವ ಹೊಣೆ ನಮ್ಮದು. ಕಾಫಿ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರಸೊತ್ತಿರುವುದಿಲ್ಲ, ಅದಕ್ಕೆ ಮೊದಲೇ ಮಾಡಿ.